ಎದೆ ಅಳತೆ

ಮಲ್ಪೆಯ ಧಕ್ಕೆಯಲ್ಲಿ ಬೊಂಡಾಸಿನ ರಾಶಿ ನಡುವೆ
ಬಲೆ ಹರಿದುಕೊಂಡು ಬಂದು ಬಿದ್ದಿತ್ತು ಅದು.
ಮೊದಲು ಎಲ್ಲರೂ ಬಾಣಲೆ ಅಂದರು.
ತಾಂಡೇಲ ಶೀನ ಕುಂದರ್ ಕಾಲಲ್ಲಿ ಹೊರಳಿಸಿದ.
ಒಳಗೆ ಏಡಿಯೊಂದು, ಹೊರಗೆ ಚಿಪ್ಪು ಮೆತ್ತಿದ ಕಬ್ಬಿಣ,
ಕುತ್ತಿಗೆಗೆ ಅರ್ಧ ಚಂದ್ರ ಕೊರೆದಿತ್ತು,
ಕಂಕುಳಿಗೆ ಎರಡು.
"ವಾರಿಜಕ್ಕಾ, ಈ ಕಟಿಂಗ್ ನೋಡಿದರೆ
ಇದು ನಿಮ್ಮ ಇಲಾಖೆ ಮಾರಾಯ್ರೆ."

ನಾನು ಲೈಫ್ ಜಾಕೆಟ್ ಹೊಲಿಯುವವಳು.
ಟೇಪು ಕೊರಳಲ್ಲೇ ಇತ್ತು, ಹಿಡಿದೆ.
ಮುಂಭಾಗ ಹದಿನೇಳು. ಬೆನ್ನು ಇಲ್ಲ.
ಸುತ್ತ ಮೂವತ್ತನಾಲ್ಕು ಅಂತಿಟ್ಟುಕೊಂಡರೆ
ಹುಡುಗ.
ಐಸು ಹೊರುವ ಲತೀಶನ ಅಳತೆ.

ಸಂಜೆ ಕಲ್ಯಾಣಪುರದಿಂದ ಫ್ಲೇವಿಯಾ ಮೇಡಂ ಬಂದರು,
ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರು.
ಪರಂಗಿಯವರದ್ದಿರಬಹುದು, ಅಲ್ಲದಿರಲೂಬಹುದು,
ಎಂದು ಎರಡು ಸಲ ಹೇಳಿ ಕನ್ನಡಕ ಒರೆಸಿಕೊಂಡರು.
ಕಬ್ಬಿಣಕ್ಕೆ ಮುಂಚೆ ಬಟ್ಟೆಯೇ ಅಂತೆ.
ಹತ್ತಿ ತುಂಬಿ, ಪದರ ಹಾಕಿ, ಚೌಕ ಚೌಕ ಹೊಲಿಗೆ ಒತ್ತಿ
ಘಟ್ಟದ ಮೇಲಿನ ಅರಸರ ಕಾಲಾಳುಗಳಿಗೆ.
ಬಾಣ ಬಂದರೆ ಅದರಲ್ಲೇ ಸಿಕ್ಕಿಕೊಳ್ಳುತ್ತಿತ್ತು,
ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಹಾಗೆ.
ಆಮೇಲೆ ತೊಗಲು. ಆಮೇಲೆ ಬಳೆಗೆ ಬಳೆ ಕೋದ ಅಂಗಿ
(ಮೊಬೈಲಿನಲ್ಲಿ ತೋರಿಸಿದರು, ನನಗದು ಬಲೆಯೇ,
ಮೀನಿನ ಜಾಗದಲ್ಲಿ ಮನುಷ್ಯ).
ಆಮೇಲೆ ನಾಲ್ಕು ಕನ್ನಡಿ ಎಂದು ಹೆಸರಿಟ್ಟ ನಾಲ್ಕು ತಗಡು,
ಎದೆಗೊಂದು, ಬೆನ್ನಿಗೊಂದು, ಪಕ್ಕೆಗಳಿಗೆರಡು.
ಕೋವಿ ಬಲಿತಂತೆ ತಗಡೂ ದಪ್ಪವಾಯಿತು,
ಕಡೆಗೆ ಹೊರಲಾರದೆ ಬಿಚ್ಚಿಟ್ಟರು.
ಈಗ ಪುನಃ ಬಟ್ಟೆ ಉಂಟಂತೆ,
ಗುಂಡನ್ನೇ ಹಿಡಿದು ನಿಲ್ಲಿಸುವ ನೂಲು.
ಸುತ್ತಿ ಸುತ್ತಿ ಬಂದದ್ದು ದರ್ಜಿಯ ಬಾಗಿಲಿಗೇ.

"ಆ ಹತ್ತಿ ಅಂಗಿ ಹೊಲಿದವರ ಹೆಸರೇನಾದರೂ?"
ಮೇಡಂ ನಕ್ಕು, ಬೆರಳಿಂದ ತಗಡಿನ ಗುಳಿ ತೋರಿಸಿದರು.
"ಇದು ವೈರಿ ಹೊಡೆದದ್ದೇ ಆಗಬೇಕಿಲ್ಲ ವಾರಿಜಾ.
ಮಾಡಿದವನೇ ಮಾರುವ ಮುಂಚೆ
ಗಿರಾಕಿ ಎದುರು ಒಂದು ಗುಂಡು ಹೊಡೆಯುತ್ತಿದ್ದ.
ತೂತಾಗದೆ ಗುಳಿ ಬಿದ್ದರೆ ಅದೇ ಮೊಹರು."

ನಾನೂ ಹಾಗೆಯೇ. ಹಿತ್ತಲಿನ ನೀಲಿ ಡ್ರಮ್ಮಿನಲ್ಲಿ
ಜಾಕೆಟ್ಟಿಗೆ ತೂಕದ ಕಲ್ಲು ಕಟ್ಟಿ ಒಂದು ಹಗಲು ಒಂದು ರಾತ್ರಿ ಬಿಡುತ್ತೇನೆ.
ಬೆಳಿಗ್ಗೆ ತೇಲುತ್ತಿದ್ದರೆ ಮಾತ್ರ ಅಂಗಡಿಗೆ.
ಆದರೆ ಸೆಕೆ ಅಕ್ಕಾ, ಅನ್ನುತ್ತಾರೆ ಹುಡುಗರು.
ಬಿಸಿಲಲ್ಲಿ ಕಬ್ಬಿಣ ತೊಟ್ಟವರೂ ಹಾಗೇ ಅಂದಿರಬೇಕು.
ಮಡಚಿ ತಲೆಗಿಟ್ಟು ಮಲಗುತ್ತಾರೆ.
ತಮ್ಮ ದಯಾಕರ ಸಿಗದೆ ಹೋದ ವರ್ಷ
ದೋಣಿಯ ಕ್ಯಾಬಿನ್ನಿಂದ ಅವನ ಜಾಕೆಟ್ ತಂದುಕೊಟ್ಟರು,
ನಾನೇ ಹೊಲಿದದ್ದು.
ಒಂದು ಹನಿಯೂ ತಾಗಿರಲಿಲ್ಲ.
ತಲೆಯೆಣ್ಣೆಯ ಕಲೆ ಮಾತ್ರ.

ಈ ಹುಡುಗ ತೊಟ್ಟುಕೊಂಡೇ ಮುಳುಗಿದ್ದ.
ಗುಂಡಿಗೆಂದು ಅಷ್ಟು ನಂಬಿಸಿ ಮಾರಿದ್ದು
ನೀರಿಗೆ ಕಲ್ಲಾಯಿತು.
ತೊಗಲಿನ ಪಟ್ಟಿ ಎಂದೋ ಕರಗಿದೆ,
ಬಕಲಿನ ಬುಡ ಮಾತ್ರ ಉಳಿದಿದೆ, ಬಲ ಪಕ್ಕೆಗೆ.
ಒದ್ದೆ ಕೈಯಲ್ಲಿ ಬಿಚ್ಚಲು ಎಷ್ಟು ಹೊತ್ತು ಬೇಕಿತ್ತೋ.
ನನ್ನದರಲ್ಲಿ ಮೂರು ಕೆಂಪು ಬಕಲು, ನಾಲ್ಕು ಸೆಕೆಂಡು.
ಎಣಿಸಿದ್ದೇನೆ.

ಪೊಲೀಸರು ಬರುವ ಮೊದಲು ಲತೀಶ
ಪ್ಲಾಸ್ಟಿಕ್ ಹಗ್ಗ ಬಿಗಿದು ಅದನ್ನು ಎದೆಗೆ ಕಟ್ಟಿಕೊಂಡ,
ಫೋಟೊಕ್ಕೆ. ಎಲ್ಲರೂ ನಕ್ಕರು.
"ಎಂಥ ತಂಪು ಅಕ್ಕಾ, ನಿಮ್ಮದರ ಹಾಗೆ ಸೆಕೆಯೇ ಇಲ್ಲ!"
ಹತ್ತಿರ ಹೋಗಿ, ಅಭ್ಯಾಸಬಲ,
ತಗಡಿಗೂ ಅವನ ಎದೆಗೂ ನಡುವೆ ಎರಡು ಬೆರಳು ತೂರಿಸಿದೆ.
ಸಲೀಸಾಗಿ ಹೋಯಿತು.
ಉಸಿರಿಗೆಂದು ಇಷ್ಟು ಸಡಿಲ ಬಿಟ್ಟಿದ್ದ
ಆ ಕಮ್ಮಾರನೂ.

ಬಿಚ್ಚು, ಅಂದೆ.
ಅವನು ಇನ್ನೂ ಫೋಟೊ ನೋಡುತ್ತಿದ್ದ.
ಬಿಚ್ಚೋ ಲತೀಶ.
ಏಡಿ ಅಷ್ಟರಲ್ಲಿ ಧಕ್ಕೆಯ ಅಂಚಿಗೆ ತಲುಪಿತ್ತು,
ತನ್ನ ಚಿಪ್ಪಿನೊಂದಿಗೆ, ಅಡ್ಡಡ್ಡ.